ಪಡಸಾಲೆಯಲ್ಲಿ ಗೀಗೀ ಪದ

ಹೋದ ತಿಂಗಳು ಹುಬ್ಬಳ್ಳಿಯಿಂದ ಅಕ್ಕನ ಫೋನು. ಭಾವನವರು ಈಗಷ್ಟೇ ನಿವೃತ್ತರಾದರು. ಇನ್ನು ಬೈಲಹೊಂಗಲದ ಹಿರಿಯರ ಮನೆಗೇ ಹೋಗಿ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಪದಗಳಿಗೊಂದು ಕೇಂದ್ರ ಮಾಡುತ್ತಾರಂತೆ. ಗೀಗೀ ಮೇಳದವರನ್ನು, ಎಲ್ಲಮ್ಮನ ಗುಡ್ಡದ ಚೌಡಿಕೆ ಪದದವರನ್ನು ಕರೆಸಿ, ಹಾಡಿಸಿ, ರೆಕಾರ್ಡ್ ಮಾಡಿಡುವುದು. "ಬಂದವರಿಗೆ ರೊಟ್ಟಿ ಬಡಿಯಾಕಿ ಯಾರವಾ? ನನ್ನ ಒಂದ್ ಮಾತು ಕೇಳಿಲ್ಲ" ಎಂದು ಅಕ್ಕ ಅತ್ತೇಬಿಟ್ಟಳು.

ಕೆಲಸವೇನೋ ದೊಡ್ಡದೇ, ಗೆಳತಿಯರೇ. ಕಿತ್ತೂರ ಚೆನ್ನಮ್ಮ 1829ರಲ್ಲಿ ಕಣ್ಣು ಮುಚ್ಚಿದ್ದು ಬೈಲಹೊಂಗಲದಲ್ಲಿ, ಸೆರೆಯಲ್ಲಿ. ಅವಳ ಕಥೆ, ರಾಯಣ್ಣನ ಕಥೆ ಓದು ಬಾರದ ನಮ್ಮ ಅಜ್ಜಿಯರಿಗೆ ತಲುಪಿದ್ದು ಪದಗಳಿಂದಲೇ. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. ಹಳ್ಳಿಯ ಪದಗಾರರದನ್ನು ಯಾರು ಉಳಿಸಬೇಕು?

ಆದರೆ ಗೀಗೀಯಲ್ಲೇ ನೋಡಿ, ಹರದೇಶಿಯವರು ಗಂಡು ಹೆಚ್ಚೆಂದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ರಾತ್ರಿಯಿಡೀ ಸವಾಲು ಜವಾಬು ನಡೆಸುತ್ತಾರೆ. ಮನೆಯಲ್ಲಿ ಮಾತ್ರ ಹರದೇಶಿಯೊಂದೇ ನಡೆದರೆ ಹೇಗೆ?

ಅಕ್ಕನಿಗೆ ಹೇಳಿದೆ: ಗ್ರಾಚ್ಯುಟಿ ದುಡ್ಡಿನಲ್ಲಿ ಅರ್ಧ ನಿನ್ನ ಹೆಸರಿಗೆ ಡಿಪಾಜಿಟ್ ಇರಲಿ. ಕಟ್ಟಡ ಈಗಲೇ ಬೇಡ, ಪಡಸಾಲೆ ಸಾಕು. ಅಡುಗೆಗೆ ಸಂಬಳದಾಕಿ ಬೇಕೇ ಬೇಕು. ಮತ್ತೆ, ಮೊದಲ ರೆಕಾರ್ಡು ನಿನ್ನದೇ ಆಗಲಿ. ಅವ್ವನ ಬೀಸುವ ಪದ ಪೂರ್ತಿ ಬರುವುದು ನಿನಗೊಬ್ಬಳಿಗೇ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಎರಡನೇ ನುಡಿ ನನಗೂ ಮರತೈತಿ" ಅಂದಳು.