ನೀರಿನ ವೇಳೆ

ಪ್ರವಾಸಕ್ಕೆ ಹೊರಡುವವರು ಮೊದಲು ವಿಚಾರಿಸುವುದು ರೈಲಿನ ವೇಳೆಯನ್ನು, ಆಮೇಲೆ ಊಟದ ಏರ್ಪಾಟನ್ನು. ಸುಂದರಬನಕ್ಕೆ ಹೋಗುವವರಾದರೋ ಇವೆರಡಕ್ಕೂ ಮೊದಲು ನೀರಿನ ವೇಳೆಯನ್ನು ವಿಚಾರಿಸತಕ್ಕದ್ದು. ಪಶ್ಚಿಮ ಬಂಗಾಳದ ದಕ್ಷಿಣದ ಅಂಚಿನಲ್ಲಿ, ನದಿಗಳು ಕಡಲನ್ನು ಕೂಡುವೆಡೆ ಹಬ್ಬಿರುವ ಈ ಕಾಂಡ್ಲಾ ಕಾಡು 1984ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ಹೊಳೆಯೇ ದಾರಿ, ದೋಣಿಯೇ ಬಂಡಿ. ಆ ದಾರಿ ದಿನಕ್ಕೆ ಎರಡು ಸಲ ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದಕಾರಣ ಇಂದು ಬೆಳಗ್ಗೆ 8ಕ್ಕೆ ತುಂಬಿದ ಕವಲು ನಾಳೆ ತುಂಬುವುದು 9ರ ಸುಮಾರಿಗೆ.

ನೀರು ಏರಿರುವಾಗ ಕಿರಿದಾದ ಕವಲಿನೊಳಕ್ಕೂ ದೋಣಿ ಸಾಗಬಲ್ಲುದು. ಇಳಿದಾಗ ಅಲ್ಲಿಯೇ ಕೆಸರಿನಲ್ಲಿ ಸಿಕ್ಕಿಕೊಂಡರೆ ಮುಂದಿನ ಉಬ್ಬರದವರೆಗೆ ಕಾಯುವುದೊಂದೇ ಗತಿ. ಹಾಗೆಂದು ಇಳಿತವನ್ನು ಹಳಿಯುವಂತಿಲ್ಲ. ನೀರು ಸರಿದ ದಂಡೆಯ ಮೇಲೆಯೇ ಮೊಸಳೆ ಬಿಸಿಲು ಕಾಯುತ್ತದೆ. ಏಡಿಗಳು ಬಿಲ ಬಿಟ್ಟು ಹೊರಬರುತ್ತವೆ. ಮರಗಳ ಉಸಿರಾಟದ ಬೇರುಗಳು ಈಟಿಗಳಂತೆ ನೆಟ್ಟಗೆ ನಿಂತಿರುವುದು ಕಾಣುತ್ತದೆ. ಏರುವ ನೀರಿನಲ್ಲಿ ಒಳಹೊಕ್ಕು, ಇಳಿಯುವ ನೀರಿನಲ್ಲಿ ದೊಡ್ಡ ಹೊಳೆಯ ದಂಡೆಗಳನ್ನು ನೋಡುತ್ತ ಮರಳುವುದೇ ಜಾಣತನ.

ಕೋಲ್ಕತ್ತದಿಂದ ಮುಂಜಾನೆ ಹೊರಟು ರಾತ್ರಿಗೆ ಹಿಂದಿರುಗುವ ಯೋಜನೆಯನ್ನು ಹಲವರು ಹಾಕುತ್ತಾರೆ. ಇದು ಹಣದ ಉಳಿತಾಯವೇ ಹೊರತು ದಿನದ ಉಳಿತಾಯವಲ್ಲ. ಗೋದಖಾಲಿಯ ಕಟ್ಟೆ ಸೇರುವಷ್ಟರಲ್ಲಿಯೇ ಹೊತ್ತು ಏರಿರುತ್ತದೆ. ಹಿಂದಿನ ರಾತ್ರಿ ಪಾಖಿರಾಲಯದಲ್ಲಿ ತಂಗಿದವರಿಗೆ ಹೊಳೆಯಾಚೆಯೇ ಸಜನೇಖಾಲಿ. ಅರಣ್ಯ ಇಲಾಖೆಯ ಅನುಮತಿಯೂ ಮಾರ್ಗದರ್ಶಕನೂ ದೊರೆಯುವುದು ಅಲ್ಲಿ. ಸುತ್ತಲೆಲ್ಲ ನೀರಿದ್ದರೂ ಅದು ಉಪ್ಪುನೀರು. ಕುಡಿಯುವ ನೀರನ್ನು ದೋಣಿಯಲ್ಲಿಯೇ ಒಯ್ಯಬೇಕು. ಚಳಿಗಾಲವೇ ಪ್ರಶಸ್ತವೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಯೋಜನೆಯನ್ನು ಕೆಡಿಸುವುದು ಹುಲಿಯ ಹಂಬಲ. ಕಾಸು ಕೊಟ್ಟಿದ್ದೇವೆ, ಹುಲಿ ತೋರಿಸು ಎಂದು ಅಂಬಿಗನನ್ನು ಪೀಡಿಸುವ ಪ್ರವಾಸಿಗರುಂಟು. ಅವರ ಮಾತಿಗೆ ಕಟ್ಟುಬಿದ್ದು ಆತ ಹೊತ್ತು ಮೀರಿ ಸಣ್ಣ ಕವಲಿನಲ್ಲಿ ನಿಂತರೆ ಅಪಾಯ ದೋಣಿಯಲ್ಲಿರುವ ಎಲ್ಲರಿಗೂ. ಅಂಬಿಗನ ನೆರೆಹೊರೆಯವರಿಗೆ ಹುಲಿ ನೋಟದ ವಸ್ತುವಲ್ಲ. ಜೇನಿಗೆ, ಏಡಿಗೆ ಕಾಡು ಹೊಕ್ಕು ಮರಳದೆ ಹೋದವರ ಮನೆಗಳು ಆ ದ್ವೀಪಗಳಲ್ಲಿ ಇವೆ. ಕಾಡಿಗೆ ಇಳಿಯುವ ಮುನ್ನ ಹಿಂದೂಗಳೂ ಮುಸಲ್ಮಾನರೂ ಒಂದೇ ಬನಬೀಬಿಗೆ ಕೈಮುಗಿಯುತ್ತಾರೆ. ಅಂಥ ಊರಿನ ಅಂಬಿಗನು, ಬಿಸಿಲು ಇನ್ನೂ ಉಳಿದಿರುವಾಗಲೇ, ನೀರು ತಿರುಗಿತು, ಇನ್ನು ಹೊರಡೋಣ ಎಂದರೆ ವಾದ ಹೂಡದೆ ದೋಣಿಯನ್ನು ತಿರುಗಿಸಗೊಡಬೇಕು.