ಕೂತ್ಕೋ ಅಂದ್ರೆ ಸಿಯೆಂತಾತೆ

ನಮ್ಮ ಕ್ಲಾಸಿನ ಐದು ಜನ ಸೇರಿ ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿ ಮೂರು ತಿಂಗಳಾಯ್ತು. ಒಬ್ಬನಿಗೆ ಫುಟ್‌ಬಾಲ್ ಹುಚ್ಚು, ಒಬ್ಬಳಿಗೆ ಹೊರದೇಶದಲ್ಲಿ ಎಂ.ಎಸ್. ಮಾಡೋ ಆಸೆ, ಉಳಿದವರು ಸುಮ್ಮನೆ ಸೇರ್ಕೊಂಡವರು. ಕನ್ನಡ ಮೀಡಿಯಂನಿಂದ ಬಂದ ಇಬ್ಬರು ಗೆಳೆಯರನ್ನೂ ಕರೆದಿದ್ವಿ. ‘ನಮ್ ಇಂಗ್ಲಿಷೇ ನೆಟ್ಟಗಿಲ್ಲ, ಸ್ಪ್ಯಾನಿಷ್ ಎಲ್ಲಿಂದ ಬರುತ್ತೆ’ ಅಂದ್ರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವೂ ಅದು ನಿಜವೇ ಅಂದ್ಕೊಂಡ್ವಿ. ಅದು ತಪ್ಪು ಅಂತ ಹೇಳೋಕೇ ಈ ಬರಹ.

ಎಲ್ಲ ಸರಾಗವಾಗಿ ಹೋಗ್ತಿತ್ತು, ಆತ್ಮಾರ್ಥಕ ಕ್ರಿಯಾಪದಗಳ ವಿಧಿರೂಪ ಬರೋವರೆಗೆ. ‘ಲಾವಾತೆ ಲಾಸ್ ಮಾನೋಸ್’ ಅಂದ್ರೆ ‘ಕೈ ತೊಳ್ಕೋ’. ಇಂಗ್ಲಿಷ್ ವಿವರಣೆಯಲ್ಲಿ ಅದು ‘ವಾಶ್ ಯುವರ್‌ಸೆಲ್ಫ್ ದ ಹ್ಯಾಂಡ್ಸ್’ ಆಗಿತ್ತು. ‘ಯುವರ್ ಹ್ಯಾಂಡ್ಸ್’ ಯಾಕಲ್ಲ, ‘ಯುವರ್‌ಸೆಲ್ಫ್’ ಎಲ್ಲಿಂದ ಬಂತು? ಆ ಪಾಠದಿಂದಲೇ ಕೈ ತೊಳ್ಕೊಳ್ಳೋಣ ಅನ್ನಿಸಿತ್ತು.

ಆಮೇಲೊಂದು ಭಾನುವಾರ, ಭದ್ರಾವತಿಯಿಂದ ದಿನಾ ಬಸ್ಸಲ್ಲಿ ಶಿವಮೊಗ್ಗಕ್ಕೆ ಬರೋ ನಮ್ಮ ಗೆಳತಿಯ ಮನೆಗೆ ಊಟಕ್ಕೆ ಹೋದ್ವಿ. ಅವಳಮ್ಮ ‘ಕೈ ತೊಳ್ಕೊಳ್ಳಿ, ಕೂತ್ಕೊಳ್ಳಿ, ಸಾರು ಹಾಕ್ಕೊಳ್ಳಿ, ನಾಚ್ಕೋಬೇಡಿ’ ಅಂತ ಒಂದೇ ಉಸಿರಲ್ಲಿ ಅಂದ್ರು. ನಾವು ಮುಖ ಮುಖ ನೋಡ್ಕೊಂಡ್ವಿ. ಇಡೀ ಪಾಠ ಅಲ್ಲೇ ಇತ್ತು!

ಯೋಚಿಸಿ. ಮೆಸ್ಸಲ್ಲಿ ‘ಸಾರು ಹಾಕಿ’ ಅಂದ್ರೆ ನಮ್ಮ ತಟ್ಟೆಗೆ, ‘ಹಾಕ್ಕೊಳ್ಳಿ’ ಅಂದ್ರೆ ನಿಮ್ಮ ತಟ್ಟೆಗೆ. ‘ಬರಿ’ ಬೇರೆ, ‘ಬರ್ಕೋ’ ಬೇರೆ. ‘ಕೈ ತೊಳ್ಕೋ’ ಅನ್ನುವಾಗ ‘ನಿನ್ನ’ ಅನ್ನೋದು ಬೇಕಾಗಲ್ಲ; ಆ ಕೆಲಸವನ್ನ ‘ಕೋ’ ಮಾಡುತ್ತೆ. ಸ್ಪ್ಯಾನಿಷಲ್ಲಿ ‘ತೆ’ ಮಾಡುತ್ತೆ, ಅದೂ ನಮ್ಮ ಹಾಗೇ ಕ್ರಿಯಾಪದದ ಬಾಲಕ್ಕೆ ಅಂಟ್ಕೊಂಡು. ‘ಕೂತ್ಕೋ’ ಅಂದ್ರೆ ‘ಸಿಯೆಂತಾತೆ’, ‘ಕೂತ್ಕೊಳ್ಳಿ’ ಅಂದ್ರೆ ‘ಸಿಯೆಂತೆಸೆ’. ಏಕವಚನ, ಬಹುವಚನದ ಮರ್ಯಾದೆ ನಮಗೆ ಹೊಸದೇನಲ್ಲ. ಇಂಗ್ಲಿಷಿನ ‘ಸಿಟ್’ನಲ್ಲಿ ಇದ್ಯಾವುದೂ ಕಾಣಲ್ಲ.

ಎಲ್ಲವೂ ಹೊಂದಲ್ಲ, ಒಪ್ತೀವಿ. ‘ಬೇಡ’ ಅನ್ನುವಾಗ ಸ್ಪ್ಯಾನಿಷಿನ ‘ತೆ’ ಬಾಲ ಬಿಟ್ಟು ಮುಂದಕ್ಕೆ ಓಡುತ್ತೆ: ‘ನೋ ತೆ ಸಿಯೆಂತೆಸ್’. ನಮ್ಮ ‘ಕೂತ್ಕೋಬೇಡ’ದಲ್ಲಿ ‘ಕೋ’ ಇದ್ದಲ್ಲೇ ಇರುತ್ತೆ. ಅವರ ‘ಲೆವಾಂತಾತೆ’ಗೆ ನಮ್ಮದು ಬರೀ ‘ಏಳು’, ಅಲ್ಲಿ ‘ಕೋ’ ಇಲ್ಲ. ಇಂಥವನ್ನ ಬಾಯಿಪಾಠ ಮಾಡ್ಲೇಬೇಕು. ಆದರೆ ಬಾಯಿಪಾಠ ಮಾಡೋದು ಇಷ್ಟೇ ಅಂತ ಗೊತ್ತಾಯ್ತಲ್ಲ!

ಭದ್ರಾವತಿಯವರಿಗೆ ಈ ವಿದ್ಯೆ ಹಳೇದು. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಕೆಲಸಕ್ಕೆ ಬಂದ ತಮಿಳು, ತೆಲುಗು ಮನೆಯವರು ತಲೆಮಾರುಗಳಿಂದ ಇರೋ ಊರದು. ‘ತೊಳ್ಕೋ’ ತಮಿಳಲ್ಲಿ ‘ಕಳುವಿಕ್ಕೋ’, ತೆಲುಗಲ್ಲಿ ‘ಕಡುಕ್ಕೋ’. ಅದೇ ‘ಕೋ’! ಅಲ್ಲಿನ ಮಕ್ಕಳು ಪಕ್ಕದ ಮನೆಯ ಭಾಷೆಯನ್ನ ತಮ್ಮ ಭಾಷೆಯ ಮೇಲೆ ನಿಂತು ಕಲಿತಾರೆ, ಮಧ್ಯೆ ಇಂಗ್ಲಿಷ್ ಇಟ್ಕೊಂಡಲ್ಲ. ಕನ್ನಡವನ್ನ ಸಂಸ್ಕೃತದ ಅಚ್ಚಿನಲ್ಲಿ ನೋಡಬೇಡಿ ಅಂತ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದಿಸಿದ್ರು. ಹಾಗಿದ್ರೆ ಸ್ಪ್ಯಾನಿಷನ್ನ ಇಂಗ್ಲಿಷಿನ ಅಚ್ಚಿನಲ್ಲೇ ಯಾಕೆ ನೋಡಬೇಕು?

ಇಂಗ್ಲಿಷ್ ಬೇಡ ಅಂತಿಲ್ಲ. ಪುಸ್ತಕ, ಆಪ್ ಹೆಚ್ಚಿನವು ಅದರಲ್ಲೇ ಇವೆ. ಆದರೆ ಹೊಸ ಭಾಷೆಗೆ ಇಂಗ್ಲಿಷೊಂದೇ ಬಾಗಿಲು ಅಂದ್ಕೊಂಡು, ಕನ್ನಡ ಚೆನ್ನಾಗಿ ಬಲ್ಲವರನ್ನ ಹೊರಗೆ ನಿಲ್ಲಿಸಿದ್ದು ನಮ್ಮ ದಡ್ಡತನ. ಈ ಪಾಠದಲ್ಲಿ ಅವರೇ ನಮಗಿಂತ ಮುಂದೆ ಇರ್ತಿದ್ರು.

ಆ ಇಬ್ಬರು ಗೆಳೆಯರನ್ನ ಮತ್ತೆ ಕರೆದಿದ್ದೀವಿ, ಈ ಸಲ ನೋಟ್ಸ್ ಕನ್ನಡದಲ್ಲಿ. ಓದ್ತಿರೋ ನೀವೂ ಬನ್ನಿ. ಬಂದು ಕೂತ್ಕೊಳ್ಳಿ, ಬರ್ಕೊಳ್ಳಿ. ನಾಚ್ಕೋಬೇಡಿ.