‘ಬೇಡ’ ಬಟನ್ ಬಚ್ಚಿಟ್ಟವರಿಗೆ

ಬೆಳ್ಳಂದೂರು, ಕೋರಮಂಗಲ, ಎಚ್‌ಎಸ್‌ಆರ್ ಲೇಔಟಿನ ಕಚೇರಿಗಳಲ್ಲಿ ಕೂತು ಆ್ಯಪ್‌ಗಳ ಪರದೆ ವಿನ್ಯಾಸ ಮಾಡುವವರಿಗೆ, ಅದಕ್ಕೆ ಕೋಡ್ ಬರೆಯುವವರಿಗೆ, ಬ್ಯಾನರಿನ ಎರಡು ಸಾಲು ಹೊಸೆಯುವವರಿಗೆ, ಆ ಸಾಲನ್ನು ಕನ್ನಡಕ್ಕೆ ತರುವವರಿಗೆ ಈ ಮಾತು. ನಿಮ್ಮಲ್ಲಿ ಕೆಲವರಿಗೆ ಹಾಸನದ ಕಾಲೇಜಿನಲ್ಲಿ ನಾನೇ ಲೆಕ್ಕ ಹೇಳಿಕೊಟ್ಟಿದ್ದೇನೆ. ನಿಮ್ಮ ಮದುವೆಗಳಿಗೆ ಬಂದು ಉಂಡಿದ್ದೇನೆ. ನಿಮ್ಮನ್ನು ಓದಿಸಲು ಅಪ್ಪ ಅಮ್ಮ ಯಾವ ಯಾವ ಸೊಸೈಟಿಯಲ್ಲಿ ಸಾಲ ಎತ್ತಿದರೆಂದು ಬಲ್ಲೆ. ಆ ಸಲಿಗೆಯಿಂದ ನೇರವಾಗಿ ಕೇಳುತ್ತಿದ್ದೇನೆ: ಜನ ‘ಬೇಡ’ ಎನ್ನಲು ಹುಡುಕುವ ಬಟನ್ನನ್ನು ಬೂದು ಬಣ್ಣದಲ್ಲಿ, ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ, ಪರದೆಯ ಮೂಲೆಯಲ್ಲಿ ಬಚ್ಚಿಡುವುದನ್ನು ನಿಲ್ಲಿಸಿ.

ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿದು ಸಂಸಾರ ತೂಗಿಸುವ ಹೆಣ್ಣುಮಗಳೊಬ್ಬಳು ಹೋದ ವರ್ಷ ಮೊಬೈಲ್ ಹಿಡಿದುಕೊಂಡು ಮನೆಗೆ ಬಂದಳು. ‘ಮೇಷ್ಟ್ರೇ, ನಾನು ಏನೂ ತಗೊಂಡಿಲ್ಲ. ತಿಂಗಳು ತಿಂಗಳು ದುಡ್ಡು ಮಾತ್ರ ಹೋಗ್ತಾ ಇದೆ’ ಎಂದಳು. ನೋಡಿದರೆ, ಒಂದು ರೂಪಾಯಿಗೆ ವಾರವಿಡೀ ಧಾರಾವಾಹಿ ಎಂಬ ಜಾಹೀರಾತನ್ನು ಒತ್ತಿದ್ದಾಳೆ. ಆ ಒಂದು ರೂಪಾಯಿಯ ಜೊತೆಯಲ್ಲೇ ಯುಪಿಐ ಆಟೊಪೇಗೂ ಒಪ್ಪಿಗೆ ಹೋಗಿದೆ. ವಾರ ಮುಗಿದ ಮೇಲೆ ಪ್ರತಿ ತಿಂಗಳೂ ಒಂದು ಬ್ಲೌಸಿನ ಹೊಲಿಗೆ ಕೂಲಿಯಷ್ಟು ಹಣ ಖಾತೆಯಿಂದ ಕಡಿತವಾಗುತ್ತಿದೆ. ಹಣ ಕತ್ತರಿಸುವ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಸೂಚನೆ ಬಂದೂ ಇತ್ತು. ಇಂಗ್ಲಿಷಿನಲ್ಲಿ, ದಿನಾ ಬರುವ ಆಫರ್ ಮೆಸೇಜುಗಳ ರಾಶಿಯೊಳಗೆ. ಅದೂ ಒಂದು ಜಾಹೀರಾತೆಂದುಕೊಂಡು ಅವಳು ಅಳಿಸಿಹಾಕಿದ್ದಳು.

ಸೇರಲು ಒಂದು ಬೆರಳು ಸಾಕಾಗಿತ್ತು. ಬಿಡಲು ಇಬ್ಬರೂ ಕೂತು ಹುಡುಕಿದೆವು. ಪ್ರೊಫೈಲ್, ಅದರೊಳಗೆ ಸೆಟ್ಟಿಂಗ್ಸ್, ಅದರೊಳಗೆ ಇನ್ನೊಂದು ಪಟ್ಟಿ, ಅಲ್ಲಿ ಕಾರಣ ಕೇಳುವ ಪುಟ. ಅದನ್ನೂ ದಾಟಿದ ಮೇಲೆ ದೊಡ್ಡ ಅಕ್ಷರದಲ್ಲಿ ‘ಇಷ್ಟೆಲ್ಲ ಲಾಭ ಕಳೆದುಕೊಳ್ಳಲು ನಿಜಕ್ಕೂ ಸಿದ್ಧರಿದ್ದೀರಾ?’ ಎಂಬ ಪ್ರಶ್ನೆ. ಅವಳು ಬೆರಳು ಹಿಂದಕ್ಕೆ ತೆಗೆದುಕೊಂಡಳು. ‘ಯಾಕೋ ಬೈದಂಗೆ ಇದೆ ಮೇಷ್ಟ್ರೇ. ಏನೋ ತಪ್ಪು ಮಾಡ್ತಾ ಇದೀನಿ ಅನ್ಸುತ್ತೆ.’ ಕೊನೆಗೆ ಆ ಆ್ಯಪನ್ನೇ ಬಿಟ್ಟು, ಹಣ ಕಳಿಸುವ ಯುಪಿಐ ಆ್ಯಪಿನಲ್ಲಿ ಆಟೊಪೇ ವಿಭಾಗಕ್ಕೆ ಹೋಗಿ ಒಪ್ಪಿಗೆ ರದ್ದು ಮಾಡಿದೆವು. ಹೋದ ದುಡ್ಡು ಹೋಯಿತು. ಆದರೆ ನನ್ನನ್ನು ಇವತ್ತಿಗೂ ಕಾಡುವುದು ಆ ದುಡ್ಡಲ್ಲ. ತನ್ನ ಹಣವನ್ನು ತಾನು ಉಳಿಸಿಕೊಳ್ಳುವಾಗ ಆ ಹೆಣ್ಣುಮಗಳಿಗೆ ನಾಚಿಕೆಯಾಯಿತಲ್ಲ, ಅದು. ಆ ನಾಚಿಕೆ ತಾನಾಗಿ ಹುಟ್ಟಿದ್ದಲ್ಲ. ಯಾರೋ ಕೂತು ಬರೆದದ್ದು. ಬರೆದು, ಇನ್ನೊಂದು ವಾಕ್ಯದ ಜೊತೆ ಹೋಲಿಸಿ, ಇದೇ ಹೆಚ್ಚು ಜನರನ್ನು ತಡೆಯುತ್ತದೆ ಎಂದು ಖಾತ್ರಿ ಮಾಡಿಕೊಂಡು ಇಟ್ಟದ್ದು.

ನಿಮ್ಮ ಕೋಣೆಯಲ್ಲಿ ಯಾರೂ ‘ಮೋಸ ಮಾಡೋಣ’ ಎನ್ನುವುದಿಲ್ಲ, ನನಗೆ ಗೊತ್ತು. ‘ಚರ್ನ್ (ಬಿಟ್ಟುಹೋಗುವವರ ಪ್ರಮಾಣ) ಇಳಿಸೋಣ’, ‘ಕನ್ವರ್ಷನ್ (ಕೊಳ್ಳುವವರ ಪ್ರಮಾಣ) ಏರಿಸೋಣ’ ಎನ್ನುತ್ತಾರೆ. ಎ/ಬಿ ಟೆಸ್ಟ್ ನಡೆಯುತ್ತದೆ. ಒಂದಷ್ಟು ಜನರಿಗೆ ಒಂದು ಪರದೆ, ಇನ್ನೊಂದಷ್ಟು ಜನರಿಗೆ ಬೇರೆಯದು. ಯಾವುದರಲ್ಲಿ ಹೆಚ್ಚು ಜನ ಉಳಿದರೋ ಆ ಪರದೆ ಮರುದಿನ ಎಲ್ಲರಿಗೂ ಹೋಗುತ್ತದೆ. ಇಷ್ಟಪಟ್ಟು ಉಳಿದವರೆಷ್ಟು, ದಾರಿ ಸಿಗದೆ ಉಳಿದವರೆಷ್ಟು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ನಾನು ಜೀವಮಾನವಿಡೀ ಲೆಕ್ಕ ಕಲಿಸಿದವನು. ಅಂಕಿಯ ಮೇಲೆ ನನಗೆ ಸಿಟ್ಟಿಲ್ಲ. ಅಳೆಯಬೇಕಾದ್ದನ್ನು ಅಳೆಯದೆ ಬಿಟ್ಟು, ಅಳೆದದ್ದನ್ನೇ ಸತ್ಯವೆನ್ನುವುದು ಲೆಕ್ಕಕ್ಕೆ ಮಾಡುವ ದ್ರೋಹ.

ಇಂಥ ವಿನ್ಯಾಸಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎಂದು 2010ರಲ್ಲಿ ಹೆಸರಿಟ್ಟವರು ಬ್ರಿಟನ್ನಿನ ಹ್ಯಾರಿ ಬ್ರಿಗ್ನಲ್. ಅವರು ಹೊರಗಿನಿಂದ ಬಂದ ಕಾನೂನು ಪಂಡಿತರಲ್ಲ, ನಿಮ್ಮದೇ ಕಸುಬಿನವರು, ಪರದೆಯ ವಿನ್ಯಾಸಕಾರರು. ತಮ್ಮ ಕಸುಬಿನೊಳಗೆ ಏನಾಗುತ್ತಿದೆ ಎಂದು ಒಳಗಿನವರೇ ಎದ್ದು ಹೇಳಿದ್ದರಿಂದ ಜಗತ್ತಿಗೆ ಗೊತ್ತಾಯಿತು.

ಅಮೆರಿಕದ ಕಥೆಯನ್ನೂ ನೀವು ಓದಿರುತ್ತೀರಿ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನ್‌ನಲ್ಲಿ ಅಮೆಜಾನ್ ಮೇಲೆ ಮೊಕದ್ದಮೆ ಹೂಡಿತು. ಜನರನ್ನು ಅವರ ಸ್ಪಷ್ಟ ಒಪ್ಪಿಗೆಯಿಲ್ಲದೆ ಪ್ರೈಮ್ ಸದಸ್ಯತ್ವಕ್ಕೆ ಸೇರಿಸಿಕೊಂಡು, ಬಿಡಲು ಹೊರಟವರನ್ನು ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆಗಳಲ್ಲಿ ಸುತ್ತಿಸಲಾಗುತ್ತಿದೆ ಎಂಬುದು ಆರೋಪ. ಆ ಸುತ್ತುದಾರಿಗೆ ಕಂಪನಿಯೊಳಗೆ ಇದ್ದ ಹೆಸರು ‘ಇಲಿಯಡ್’. ಹೋಮರನ ಆ ಸುದೀರ್ಘ ಯುದ್ಧಕಾವ್ಯದ ಹೆಸರು. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆಯೇ 250 ಕೋಟಿ ಡಾಲರಿಗೆ ರಾಜಿಯಾಯಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ವಾಪಸು. ಮೊತ್ತ ದೊಡ್ಡದೇ. ಆದರೆ ಬೇಡದ ಚಂದಾದಾರಿಕೆಗೆ ಜನರನ್ನು ನೂಕುವುದು ಯಾರೂ ಬಾಯಿಬಿಟ್ಟು ಹೇಳದ ಕ್ಯಾನ್ಸರ್ ಎಂಬ ಮಾತು ಕಂಪನಿಯ ಒಳಗಿನ ಕಾಗದಪತ್ರಗಳಲ್ಲೇ ಇತ್ತೆಂದು ಆಯೋಗ ತಿಳಿಸಿತು. ಅಂದರೆ ಕಟ್ಟಿದವರಿಗೆ ಗೊತ್ತಿತ್ತು. ಗೊತ್ತಿದ್ದ ಒಂದು ಮಾತು ಕಡತದಲ್ಲಿ ಮಲಗಿದ್ದಷ್ಟು ಕಾಲವೂ ಜನರ ಹಣ ಹೋಗುತ್ತಲೇ ಇತ್ತು.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಮೊದಲೇ ಟಿಕ್ ಹಾಕಿಟ್ಟ ಚೌಕಗಳಿಂದ ಗ್ರಾಹಕರ ಒಪ್ಪಿಗೆ ಪಡೆಯಬಾರದೆಂದು 2020ರ ಇ-ಕಾಮರ್ಸ್ ನಿಯಮಗಳೇ ಹೇಳಿವೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು ಹೆಸರಿಸಿ ನಿಷೇಧಿಸಿತು. ಇಲ್ಲದ ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ಸಾಮಾನನ್ನೋ ವಿಮೆಯನ್ನೋ ದೇಣಿಗೆಯನ್ನೋ ಸೇರಿಸುವುದು, ಬೆಲೆಯನ್ನು ಕೊನೆಯ ಪುಟದವರೆಗೂ ಕಂತುಕಂತಾಗಿ ಬಿಚ್ಚುವುದು, ಬೇಡವೆಂದವರನ್ನು ನಾಚಿಸುವುದು, ಚಂದಾದಾರಿಕೆಯ ಬಲೆ ಎಲ್ಲವೂ ಆ ಪಟ್ಟಿಯಲ್ಲಿವೆ. ವಿಮೆ ಬೇಡವೆನ್ನುವ ಬಟನ್ನಿನ ಮೇಲೆ ‘ನಾನು ಅಸುರಕ್ಷಿತನಾಗಿಯೇ ಇರುತ್ತೇನೆ’ ಎಂದು ಬರೆಸುವುದನ್ನು ಆ ಮಾರ್ಗಸೂಚಿ ಉದಾಹರಣೆಯಾಗಿಯೇ ಕೊಟ್ಟಿದೆ. ನಮ್ಮ ಹೊಲಿಗೆಯ ಹೆಣ್ಣುಮಗಳನ್ನು ತಡೆದ ವಾಕ್ಯ ಅದರ ಒಡಹುಟ್ಟು.

ದಾರಿತಪ್ಪಿಸುವ ಜಾಹೀರಾತಿಗೆ ದಂಡವೂ ಬಿದ್ದಿದೆ. ಬೆಂಗಳೂರಿನ ರ‍್ಯಾಪಿಡೊ ‘ಐದು ನಿಮಿಷದಲ್ಲಿ ಆಟೊ, ಇಲ್ಲದಿದ್ದರೆ 50 ರೂಪಾಯಿ’ ಎಂದು ಜಾಹೀರಾತು ಹಾಕಿತ್ತು. ಸುಮಾರು ಒಂದೂವರೆ ವರ್ಷ, 120ಕ್ಕೂ ಹೆಚ್ಚು ನಗರಗಳಲ್ಲಿ, ಹಲವು ಭಾಷೆಗಳಲ್ಲಿ ಅದು ನಡೆಯಿತು. ಕೊಡುತ್ತಿದ್ದದ್ದು ರೂಪಾಯಿಯಲ್ಲ, ಏಳು ದಿನದೊಳಗೆ ಬೈಕ್ ಸವಾರಿಗಷ್ಟೇ ಬಳಸಬಹುದಾದ ‘ಕಾಯಿನ್’. ಆ ಷರತ್ತು ಓದಲಾಗದಷ್ಟು ಸಣ್ಣ ಅಕ್ಷರದಲ್ಲಿತ್ತು. 2025ರ ಆಗಸ್ಟ್‌ನಲ್ಲಿ ಪ್ರಾಧಿಕಾರ ₹10 ಲಕ್ಷ ದಂಡ ಹಾಕಿ, ಗ್ರಾಹಕರಿಗೆ ಹಣ ಮರಳಿಸಲು ಹೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಕ್ಯಾಷ್ ಆನ್ ಡೆಲಿವರಿ ಕೇಳಿದವರ ಮೇಲೆ ಹೆಚ್ಚುವರಿ ಶುಲ್ಕ ಹಾಕುವ ಬಗ್ಗೆ ತನಿಖೆ ಆರಂಭವಾಗಿದೆ ಎಂದು ಗ್ರಾಹಕ ವ್ಯವಹಾರಗಳ ಸಚಿವರು, ನಮ್ಮ ಧಾರವಾಡದ ಸಂಸದರೇ ಆದ ಪ್ರಲ್ಹಾದ ಜೋಶಿ, ಪ್ರಕಟಿಸಿದರು. ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಡುತ್ತೇನೆ ಎನ್ನುವವರು ಯಾರು? ಒಮ್ಮೆ ಮೋಸಹೋದವರು, ಕಾರ್ಡ್ ಇಲ್ಲದವರು, ಮೊಬೈಲಿನಲ್ಲಿ ಹಣ ಕಳಿಸಲು ಹೆದರುವ ಮುದುಕರು. ಅವರ ಆ ಎಚ್ಚರಿಕೆಗೇ ಬೆಲೆ ಕಟ್ಟಿ, ಅದಕ್ಕೆ ಯಾವುದೋ ‘ಹ್ಯಾಂಡ್ಲಿಂಗ್’ ಎಂಬ ಹೆಸರು ಕೊಟ್ಟು ಬಿಲ್ಲಿನ ಕೊನೆಗೆ ಸೇರಿಸುವವರು ಯಾವ ಮುಖ ಇಟ್ಟುಕೊಂಡು ಸೇರಿಸುತ್ತಾರೋ!

ಒಂದು ಸಂಗತಿ ನೋಡಿ. ನಮ್ಮೂರ ಸಂತೆಯಲ್ಲಿ ಈರುಳ್ಳಿ ಮಾರುವವನ ತಕ್ಕಡಿಗೂ ಬಟ್ಟಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯವರು ನಿಗದಿತ ಅವಧಿಗೊಮ್ಮೆ ಪರೀಕ್ಷೆ ಮಾಡಿ ಮುದ್ರೆ ಒತ್ತಬೇಕು. ಮುದ್ರೆಯಿಲ್ಲದ ತಕ್ಕಡಿ ಸಿಕ್ಕಿದರೆ ದಂಡ. ದಿನಕ್ಕೆ ಒಂದೆರಡು ಮೂಟೆ ಮಾರುವವನಿಗೆ ಈ ಶಿಸ್ತು. ಕೋಟಿಗಟ್ಟಲೆ ಜನ ದಿನಾ ಬೆರಳಿಡುವ ಪರದೆಗೆ? 2025ರ ಜೂನ್‌ನಲ್ಲಿ ಪ್ರಾಧಿಕಾರ ಎಲ್ಲ ಇ-ಕಾಮರ್ಸ್ ಕಂಪನಿಗಳಿಗೂ ಮೂರು ತಿಂಗಳೊಳಗೆ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಿ ಎಂದಿತು. ನವೆಂಬರ್ ಹೊತ್ತಿಗೆ 26 ಕಂಪನಿಗಳು ತಮ್ಮಲ್ಲಿ ಡಾರ್ಕ್ ಪ್ಯಾಟರ್ನ್ ಇಲ್ಲವೆಂದು ಘೋಷಣಾಪತ್ರ ಕೊಟ್ಟವು. ಬೆಂಗಳೂರಿನಲ್ಲೇ ನೆಲೆಯಾದವೂ ಅವುಗಳಲ್ಲಿವೆ. ಘೋಷಿಸಿದ್ದನ್ನು ಹೀಯಾಳಿಸಲಾರೆ, ಅದೊಂದು ಹೆಜ್ಜೆ. ಆದರೆ ಮುದ್ರೆ ಒತ್ತಿದ್ದು ತಕ್ಕಡಿಯವರೇ. ಹಾಗಿರುವಾಗ ಆ ಮುದ್ರೆಯ ಸತ್ಯ ಉಳಿದಿರುವುದು ನಿಮ್ಮ ಕೈಯಲ್ಲಿ. ಪರದೆ ಪ್ರತಿ ವಾರ ಬದಲಾಗುತ್ತದೆ, ಒಬ್ಬೊಬ್ಬರಿಗೆ ಒಂದೊಂದು ತೋರುತ್ತದೆ; ದೆಹಲಿಯ ಯಾವ ಅಧಿಕಾರಿಯೂ ಪ್ರತಿ ಬಟನ್ನಿನ ಹಿಂದೆ ನಿಂತು ಕಾಯಲಾರ. ನೀವು ಮಾತ್ರ ಅಲ್ಲೇ ಇರುತ್ತೀರಿ, ಅದು ಹುಟ್ಟುವ ಮೊದಲು.

‘ನಾನು ಬರೀ ಡಿಸೈನರ್, ಹೇಳಿದ್ದನ್ನು ಮಾಡುವವಳು’ ಎಂದು ಒಬ್ಬಳು ನನಗೆ ಹೇಳಿದಳು. ಇನ್ನೊಬ್ಬ ಇಎಂಐ ಲೆಕ್ಕ ಬಿಚ್ಚಿಟ್ಟ. ಪಕ್ಕದ ಟೀಮಿನಲ್ಲಿ ಅರ್ಧಕ್ಕರ್ಧ ಜನರನ್ನು ಮನೆಗೆ ಕಳಿಸಿದ ದಿನದ ಬಗ್ಗೆ ಹೇಳಿದ. ಆ ಭಯ ಸುಳ್ಳಲ್ಲ, ಅದನ್ನು ಹಗುರ ಮಾಡಲಾರೆ. ಕೆಲಸ ಬಿಡಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ಮೀಟಿಂಗಿನಲ್ಲಿ ಒಮ್ಮೆ ಬಾಯಿ ತೆರೆಯಿರಿ ಎನ್ನುತ್ತಿದ್ದೇನೆ. ‘ಇದು ಮಾರ್ಗಸೂಚಿಯ ಪಟ್ಟಿಯಲ್ಲಿದೆ’ ಎಂದು ಒಂದು ಸಾಲು ಬರೆದು ಕಳಿಸಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಬರೆದದ್ದು ಕಂಪನಿಯ ವಕೀಲರ ಕಣ್ಣಿಗೂ ಬೀಳುತ್ತದೆ. ಟೆಸ್ಟ್ ಮಾಡುವಾಗ ಎಷ್ಟು ಜನ ಉಳಿದರು ಎಂಬುದರ ಪಕ್ಕದಲ್ಲಿ, ಎಷ್ಟು ಜನ ಆಮೇಲೆ ದೂರು ಕೊಟ್ಟರು, ಹಣ ವಾಪಸು ಕೇಳಿದರು, ಬ್ಯಾಂಕಿನಲ್ಲಿ ಆಟೊಪೇ ಕಡಿದುಕೊಂಡರು ಎಂಬುದನ್ನೂ ಅಳೆಯಿರಿ. ಸೇರಲು ಎಷ್ಟು ಒತ್ತು ಬೇಕೋ ಬಿಡಲೂ ಅಷ್ಟೇ ಇರಲಿ ಎಂದು ಹಟ ಹಿಡಿಯಿರಿ. ಮುಗಿಯುವ ಸಮಯವೇ ಇಲ್ಲದ ಆಫರಿಗೆ ಓಡುವ ಗಡಿಯಾರ ಕೂರಿಸಿ ಎಂದರೆ, ಆ ಗಡಿಯಾರ ಯಾವ ಸಮಯವನ್ನು ತೋರಿಸುತ್ತಿದೆ ಎಂದು ಕೇಳಿ. ಒಬ್ಬರೇ ಕೇಳಲು ಹೆದರಿಕೆಯಾದರೆ ಇಬ್ಬರು ಸೇರಿ ಕೇಳಿ.

ಹನ್ನೆರಡನೇ ಶತಮಾನದಲ್ಲಿ ಆಯ್ದಕ್ಕಿ ಮಾರಯ್ಯ ದಿನದ ಕಾಯಕಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳಿಸಿದಳು. ಹೆಚ್ಚಾದದ್ದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದಳು. ಅದು ಕದ್ದ ಅಕ್ಕಿಯಲ್ಲ, ನೆಲಕ್ಕೆ ಬಿದ್ದದ್ದನ್ನು ಆಯ್ದದ್ದು. ಅದನ್ನೂ ಅವಳು ಒಲೆಗೆ ಏರಿಸಲಿಲ್ಲ. ನಿಮ್ಮ ಪರದೆ ಬುಟ್ಟಿಗೆ ಸೇರಿಸುವ ಹತ್ತು ರೂಪಾಯಿಗೆ ಆಯ್ದುಕೊಂಡದ್ದೆಂಬ ಸಮಾಧಾನವೂ ಇಲ್ಲ. ಅದು ನೋಡದಿರುವವರ ಜೇಬಿನಿಂದ ತೆಗೆದದ್ದು. ನಿಮ್ಮ ಮೇಜಿನ ಮೇಲೆ ಬಸವಣ್ಣನ ಚಿತ್ರವಿರಬಹುದು, ಇಲ್ಲದಿರಬಹುದು. ಲಕ್ಕಮ್ಮನನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ.

ಕನ್ನಡಕ್ಕೆ ತರುವವರಿಗೆ ಪ್ರತ್ಯೇಕವಾಗಿ ಹೇಳಬೇಕಾದ್ದಿದೆ. 2020ರಲ್ಲಿ ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ಕನ್ನಡದಲ್ಲಿ ಬಂದಾಗ ನಾವೆಷ್ಟು ಹಿಗ್ಗಿದ್ದೆವು! ನಮ್ಮ ಅಮ್ಮಂದಿರು, ರೈತರು, ಇಂಗ್ಲಿಷ್ ಬಾರದ ಹೆಣ್ಣುಮಕ್ಕಳು ತಾವೇ ಓದಿ ತಾವೇ ಕೊಳ್ಳುವ ದಿನ ಬಂತೆಂದುಕೊಂಡೆವು. ಅದು ಬಂದಿರುವುದೂ ನಿಜ, ಆ ದೊಡ್ಡ ಕೆಲಸಕ್ಕೆ ನಿಮಗೆ ಋಣಿ. ಆದರೆ ಅನೇಕ ಆ್ಯಪ್‌ಗಳಲ್ಲಿ ಇವತ್ತಿಗೂ ಕರೆಯುವ ಮಾತು ಕನ್ನಡದಲ್ಲಿದೆ, ಕಟ್ಟಿಹಾಕುವ ಷರತ್ತು ಇಂಗ್ಲಿಷಿನಲ್ಲಿದೆ. ‘ಬೇಗ ಬನ್ನಿ, ಇನ್ನೆರಡೇ ಉಳಿದಿವೆ’ ಎಂಬುದನ್ನು ಮನೆಯವರ ಮಾತಿನಷ್ಟು ಆಪ್ತವಾಗಿ ಬರೆಯಬಲ್ಲ ನೀವು, ‘ಏಳು ದಿನದ ನಂತರ ಪ್ರತಿ ತಿಂಗಳು ನಿಮ್ಮ ಖಾತೆಯಿಂದ ಇಷ್ಟು ಹಣ ಹೋಗುತ್ತದೆ’ ಎಂಬುದನ್ನೂ ಅಷ್ಟೇ ಆಪ್ತವಾಗಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬಲ್ಲಿರಿ. ಅದು ನಿಮಗೆ ಬಂದ ಕೆಲಸದ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ಪಟ್ಟಿಗೆ ಸೇರಿಸಿ ಎಂದು ಕೇಳಿ. ಬೇಡವೆನ್ನುವವರನ್ನು ನಾಚಿಸುವ ವಾಕ್ಯ ಅನುವಾದಕ್ಕೆ ಬಂದರೆ, ಅದನ್ನು ‘ಬೇಡ’ ಎಂಬ ಎರಡೇ ಅಕ್ಷರಕ್ಕೆ ಇಳಿಸಿ ಕಳಿಸಿ. ಯಾಕೆಂದು ಕೇಳಿದರೆ ಕನ್ನಡಿಗರು ಹೀಗೆಯೇ ಹೇಳುವುದು ಎನ್ನಿ, ಅದು ಸತ್ಯವೇ.

ಗ್ರಾಹಕರಾದ ನಮಗೂ ಕೆಲಸವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೂ ದೂರು ಹೇಳಬಹುದು. ಹತ್ತು ರೂಪಾಯಿ ತಾನೇ ಎಂದು ಬಿಡದೆ ಹೇಳಬೇಕು, ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಬೇಕು, ಮನೆಯ ಹಿರಿಯರ ಮೊಬೈಲಿನಲ್ಲಿ ಆಟೊಪೇ ಪಟ್ಟಿಯನ್ನು ಆಗಾಗ ನೋಡಬೇಕು. ಹೊಲಿಗೆಯ ಕೆಲಸದ ನಡುವೆ ನಮ್ಮ ಆ ಹೆಣ್ಣುಮಗಳಿಂದ ಇಷ್ಟನ್ನು ನಿರೀಕ್ಷಿಸಬಹುದು. ಅದಕ್ಕಿಂತ ಹೆಚ್ಚನ್ನು ಅವಳಿಂದ ಕೇಳುವುದು ಅನ್ಯಾಯ. ಬಲೆ ಎಲ್ಲಿದೆ ಎಂದು ಹುಡುಕುತ್ತ ಬದುಕುವುದು ಅವಳ ಕೆಲಸವಲ್ಲ, ಬಲೆ ನೇಯದಿರುವುದು ನಿಮ್ಮದು.

ನಿಮ್ಮ ಕಂಪನಿ ಆ 26ರಲ್ಲಿ ಇದೆಯೇ ನೋಡಿ. ಇದ್ದರೆ, ಘೋಷಣೆಗೆ ಮೊದಲು ನಡೆದ ಪರೀಕ್ಷೆಯ ವರದಿ ತೋರಿಸಿ ಎಂದು ಸೋಮವಾರದ ಮೀಟಿಂಗಿನಲ್ಲಿ ಕೇಳಿ. ಯಾವ ಯಾವ ಪರದೆ ನೋಡಿದರು, ಕನ್ನಡದ ಪರದೆಯನ್ನು ನೋಡಿದರೋ ಇಲ್ಲವೋ, ನೋಡಿದವರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ ಕೇಳಿ. ಆ ವರದಿಯನ್ನು ಜನ ಓದುವಂತೆ ಆ್ಯಪಿನಲ್ಲೇ ಹಾಕಿಸಿ. ಪಟ್ಟಿಯಲ್ಲಿ ಇಲ್ಲದಿದ್ದರೆ, ಪರೀಕ್ಷೆ ಯಾವಾಗ ಎಂದು ಕೇಳಿ, ಅದರಲ್ಲಿ ನನ್ನನ್ನೂ ಸೇರಿಸಿಕೊಳ್ಳಿ ಎಂದು ನೀವೇ ಕೈಯೆತ್ತಿ.